ನಾದಿದವರ ಪಾಲು

"ತಗೋ!"

ಮೊದಲ ಬ್ರೆಡ್ಡಿನ ಅಂಚನ್ನು ಮುರಿದು ಅತ್ತೆ ಸೊಸೆಯ ಬಾಯಿಯ ಹತ್ತಿರಕ್ಕೇ ಹಿಡಿದಿದ್ದರು. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಭಟ್ಟಿಯ ಬಾಗಿಲು ತೆರೆದೇ ಇತ್ತು. ಟ್ರೇ ಹಿಡಿದು ನಿಂತಿದ್ದ ಮೈದುನ ಅತ್ತ ಸರಿಯಲೋ ಇತ್ತ ಸರಿಯಲೋ ತಿಳಿಯದೆ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ.

"ಬೇಡ ಅತ್ತೆ. ನಾನು ತಿನ್ನೋ ಹಾಗಿಲ್ಲ, ನಿಮಗೆ ಗೊತ್ತಲ್ಲ."

"ನಲವತ್ತು ವರ್ಷದಿಂದ ಈ ಭಟ್ಟಿಯಿಂದ ಇಳಿದ ಮೊದಲನೇ ಬ್ರೆಡ್ಡಿನ ಅಂಚು ನಾದಿದವರ ಪಾಲು ಅಂತ ಇದೆ. ನಿಮ್ಮ ಮಾವ ತಿಂದ್ರು. ನನ್ನ ಮಗ ತಿಂದ. ಅವನು ಹೋದ ಮೇಲೆ ಮೂರು ವರ್ಷ ನೀನೂ ತಿಂದೆ. ಈಗೇನು ಬಂತು? ನಾದಿದವಳಿಗೇ ಬೇಡವಾದ ಬ್ರೆಡ್ಡನ್ನ ಬೀದಿಯವರು ಯಾಕಮ್ಮ ತಿನ್ನಬೇಕು?"

"ಬೀದಿಯವರಿಗೆ ಸಕ್ಕರೆ ಕಾಯಿಲೆ ಇಲ್ಲ ಅತ್ತೆ. ನನಗಿದೆ."

"ಬೀದಿಯಲ್ಲಿ ಅರ್ಧ ಜನಕ್ಕಿದೆ ಅತ್ತಿಗೆ," ಎಂದ ಮೈದುನ ಮೆಲ್ಲಗೆ. "ಜೋರಾಗಿ ಹೇಳ್ಬೇಡಿ, ಅಂಗಡಿ ಮುಚ್ಚಬೇಕಾಗುತ್ತೆ."

"ನೀನು ಬಾಯಿ ಮುಚ್ಕೊಂಡು ಟ್ರೇ ಇಳಿಸು!"

ಸೊಸೆಗೆ ನಗು ಬಂತು. ಆದರೆ ನಗಲಿಕ್ಕೂ ಒಂದಿಷ್ಟು ಕಸುವು ಬೇಕಲ್ಲ, ಅದು ಅವಳಲ್ಲಿ ಉಳಿದಿರಲಿಲ್ಲ. ಅವಳು ಗೋಡೆಗೆ ಒರಗಿ ನಿಂತು, ಗಂಡನ ಹಳೆಯ ಏಪ್ರನ್ನಿನ ತುದಿಯಲ್ಲಿ ಹಣೆಯ ಬೆವರು ಒರೆಸಿಕೊಂಡಳು. ಕಣ್ಣ ಮುಂದೆ ಸಣ್ಣ ಸಣ್ಣ ಚುಕ್ಕೆಗಳು ಓಡಾಡಿ ಮಾಯವಾದವು.

ಪಥ್ಯ ಶುರುವಾಗಿ ಅದು ನಾಲ್ಕನೇ ವಾರ. ಮೂವತ್ತೆರಡರ ವಯಸ್ಸಿಗೇ ರಕ್ತದಲ್ಲಿ ಸಕ್ಕರೆ ಏರಿದೆ ಎಂದು ತಿಳಿದಾಗ ಡಾಕ್ಟರಮ್ಮ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟಿದ್ದರು. ಮೈದಾ, ಅಕ್ಕಿ, ಆಲೂಗಡ್ಡೆ, ಸಕ್ಕರೆ ಬೇಡ. ಮೊಟ್ಟೆ, ಮೀನು, ಸೊಪ್ಪು, ಮೊಸರು, ಬಾದಾಮಿ ಇರಲಿ. ಸೊಸೆ ಹಾಳೆಯನ್ನು ತಂದು ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಅವಳ ತಾಯಿ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡಿದ್ದಳು. ಮಗಳ ಮುಖವನ್ನು ಬೆರಳುಗಳಿಂದ ತಡವಿ ನೋಡುತ್ತಿದ್ದ ಆ ತಾಯಿಯ ನೆನಪು ಎದೆಯಲ್ಲಿ ಇರುವಾಗ ಬ್ರೆಡ್ಡಿನ ಅಂಚು ಯಾವ ಲೆಕ್ಕ? ನಾಲ್ಕು ವಾರದಲ್ಲಿ ಒಂದು ತುಣುಕನ್ನೂ ಬಾಯಿಗೆ ಹಾಕಿರಲಿಲ್ಲ. ಕೊನೆಗೆ, ನಾದುವಾಗ ಹಸಿ ಹಿಟ್ಟನ್ನು ಚಿಟಿಕೆಯಷ್ಟು ನಾಲಿಗೆಗೆ ತಾಗಿಸಿ ರುಚಿ ನೋಡುವ ಅಭ್ಯಾಸವನ್ನೂ ಬಿಟ್ಟಿದ್ದಳು.

ಸಕ್ಕರೆಯೇನೋ ಇಳಿಯುತ್ತಿತ್ತು. ಜೊತೆಗೆ ಅವಳೂ ಇಳಿಯುತ್ತಿದ್ದಳು! ಎದ್ದು ನಿಂತರೆ ತಲೆ ಗಿರ್ರೆನ್ನುವುದು. ಮಧ್ಯಾಹ್ನ ಹನ್ನೆರಡಾಗುವುದರೊಳಗೆ ಮೀನಖಂಡಗಳು ಹಿಡಿದುಕೊಳ್ಳುವವು. ಇಪ್ಪತ್ತು ಕಿಲೋ ಹಿಟ್ಟನ್ನು ಹಾಡು ಗುನುಗುತ್ತ ನಾದುತ್ತಿದ್ದ ತೋಳುಗಳು ಈಗ ಅರ್ಧ ದಾರಿಯಲ್ಲೇ ಕೈಕೊಡುತ್ತಿದ್ದವು. ಅವಳೂ ಸುಮ್ಮನೆ ಕೂತವಳಲ್ಲ. ನಾದುವ ಕೆಲಸವನ್ನು ಬೆಳಗಿನ ತಂಪಿಗೆ ಬದಲಾಯಿಸಿಕೊಂಡಳು. ಬನ್ ಉಂಡೆ ಕಟ್ಟಲು ಎತ್ತರದ ಸ್ಟೂಲು ತರಿಸಿದಳು. ಹನ್ನೊಂದಕ್ಕೆ ಒಂದು ಮೊಟ್ಟೆ, ಮೂರಕ್ಕೆ ಹಿಡಿ ಬಾದಾಮಿ. ರಾತ್ರಿ ಎಂಟಕ್ಕೇ ದೀಪ ಆರಿಸುತ್ತಿದ್ದಳು. ಹಾಳೆಯ ಕೊನೆಯಲ್ಲಿ 'ಸುಸ್ತು ಹೆಚ್ಚಾದರೆ ಬಂದು ಕಾಣಿ' ಎಂದು ಬರೆದಿತ್ತು. ಅದೊಂದನ್ನು ಮಾತ್ರ ಅವಳು ನಾಳೆ, ನಾಡಿದ್ದು ಎಂದು ಮುಂದೂಡುತ್ತಲೇ ಬಂದಿದ್ದಳು.

ಅಂಗಡಿಯ ಹಿಂದೆಯೇ ಮನೆ. ಆ ಮನೆಯ ಅಡುಗೆಗೆ ಉಪ್ಪಿರಲಿಲ್ಲ. ಮೂರು ವರ್ಷದ ಹಿಂದೆ, ರಕ್ತದೊತ್ತಡ ಏರಿ, ತಲೆಯಲ್ಲಿ ನರ ಒಡೆದು, ಹಿರಿಯ ಮಗ ಇದೇ ಭಟ್ಟಿಯ ಮುಂದೆ ಕುಸಿದಿದ್ದ. ಆ ವಾರವೇ ಅತ್ತೆ ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ಬಚ್ಚಲಿಗೆ ಸುರಿದರು. "ನಮ್ಮ ಬ್ರೆಡ್ಡಿನಲ್ಲೇ ಇದೆ ಬೇಕಾದಷ್ಟು. ಸಾರಿಗೆ ಬೇರೆ ಯಾಕೆ?" ಎಂದರು. ಯಾರೂ ಎದುರಾಡಲಿಲ್ಲ. ಮೂರು ಹೊತ್ತೂ ಬ್ರೆಡ್ಡಿನ ಜೊತೆ ತಿನ್ನುವ ಮನೆಯಲ್ಲಿ ಅದು ಕಷ್ಟವೂ ಆಗಲಿಲ್ಲ. ಬ್ರೆಡ್ಡಿನ ಉಪ್ಪನ್ನು ಮಾತ್ರ ಅಂಗಡಿಯ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪ್ರತಿ ಬ್ಯಾಚಿಗೂ ಒಂದು ಬಟ್ಟಲು ಅಳೆದು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು.

"ನೋಡಮ್ಮ," ಎಂದರು ಅತ್ತೆ, ಬೇಡವೆನಿಸಿಕೊಂಡ ಅಂಚನ್ನು ಮೇಜಿನ ಮೇಲೆ ಕುಕ್ಕಿ. "ಶನಿವಾರ ಹಾಸ್ಟೆಲಿನ ಮಕ್ಕಳಿಗೆ ಮುನ್ನೂರು ಬನ್ನು ಹೋಗಬೇಕು. ಅವತ್ತು ನೀನು ಹೀಗೇ ಗೋಡೆ ಹಿಡ್ಕೊಂಡು ನಿಂತ್ರೆ, ಆ ಏಪ್ರನ್ ಬಿಚ್ಚಿ ಇವನ ಕೈಗೆ ಕೊಡು. ನನ್ನ ಮಗನ ಏಪ್ರನ್ನು ಅದು. ಸೋಮಾರಿಗಳು ಕಟ್ಟೋದಲ್ಲ."

"ನನ್ನ ಕೈಗಾ?" ಮೈದುನ ಬೆಚ್ಚಿಬಿದ್ದ. "ಅಮ್ಮ, ನಾನು ವ್ಯಾನು ಓಡಿಸೋನು. ನಾನು ನಾದಿದ ಬನ್ನನ್ನ ಕ್ರಿಕೆಟ್ ಆಡೋರಿಗೆ ಮಾರಬೇಕಾಗುತ್ತೆ!"

"ಬಿಚ್ಚಲ್ಲ ಅತ್ತೆ," ಎಂದಳು ಸೊಸೆ. ದನಿ ಏರಿಸಲಿಲ್ಲ. "ಪಥ್ಯಾನೂ ಬಿಡಲ್ಲ, ಭಟ್ಟೀನೂ ಬಿಡಲ್ಲ."

ಆ ಏಪ್ರನ್ನು ಅವಳ ಪಾಲಿಗೆ ಬರಿಯ ಬಟ್ಟೆಯಾಗಿರಲಿಲ್ಲ. ಗಂಡ ಹೋದ ಹದಿನೈದನೇ ದಿನ ಅದನ್ನು ಕಟ್ಟಿಕೊಂಡು ಭಟ್ಟಿಯ ಮುಂದೆ ನಿಂತಾಗಲೇ ಅವಳಿಗೆ ತಾನಿನ್ನೂ ಬದುಕಿದ್ದೇನೆ ಎಂಬುದು ತಿಳಿದದ್ದು. ಅಳು ಬರದ ಕಣ್ಣಿಗೆ ಬೆವರಾದರೂ ಬಂತು. ಅದನ್ನು ಬಿಚ್ಚಿಟ್ಟರೆ ಆಮೇಲೆ ಅವಳು ಯಾರು?

ಶನಿವಾರ ಬಂತು. ಬೆಳಗ್ಗೆ ಹಿಟ್ಟು, ಯೀಸ್ಟು, ನೀರು ಹಾಕಿ ನಾದಿ, ಮರದ ತೊಟ್ಟಿಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಇಟ್ಟಳು. ಹತ್ತು ಗಂಟೆಗೆ ಬಟ್ಟೆ ತೆಗೆದಾಗ ಹಿಟ್ಟು ತೊಟ್ಟಿಯ ಅಂಚು ಮೀರಿ ಉಬ್ಬಿತ್ತು. ಇಷ್ಟು ಬೇಗ? ಅವಳು ಒಂದು ಉಂಡೆ ಕಟ್ಟಿ ಟ್ರೇಯ ಮೇಲಿಟ್ಟಳು. ನೋಡನೋಡುತ್ತಿದ್ದಂತೆ ಅದು ಸೋತವರ ಹಾಗೆ ಅಗಲವಾಗಿ ಹರಡಿಕೊಂಡು ಮಲಗಿತು. ಇನ್ನೊಂದು ಕಟ್ಟಿದಳು. ಅದೂ ಅಷ್ಟೇ. ಹಿಟ್ಟು ಕೈಗೆ ಮೆತ್ತಿಕೊಳ್ಳುತ್ತಿತ್ತು. ಅದರಲ್ಲಿ ಬಿಗಿಯೇ ಇರಲಿಲ್ಲ.

"ಅಯ್ಯೋ... ಅಯ್ಯೋ!" ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಹಾಳು ಮಾಡಿಟ್ಯಲ್ಲೇ! ಮುನ್ನೂರು ಮಕ್ಕಳ ಬನ್ನು! ಮೈಯಲ್ಲಿ ಶಕ್ತಿ ಇಲ್ಲ, ಕೆಲಸದ ಮೇಲೆ ಮನಸ್ಸಿಲ್ಲ! ಒಂದು ಚೂರು ಬ್ರೆಡ್ಡು ತಿಂದಿದ್ರೆ ಹೀಗಾಗ್ತಿತ್ತಾ? ತಗೋ... ನಿನ್ನೆಯ ಬ್ರೆಡ್ಡು ಇದು, ತಿನ್ನು! ಈಗಲೇ ತಿನ್ನು! ಇಲ್ಲ ಅಂದ್ರೆ ಬಿಚ್ಚು ಅದನ್ನ!"

ಸೊಸೆಯ ಕಣ್ಣು ಕಿಟಕಿಯ ಕಟ್ಟೆಗೆ ಹೋಗಿತ್ತು. ಅಲ್ಲಿ ಉಪ್ಪಿನ ಬಟ್ಟಲು ತುಂಬಿದ್ದು ತುಂಬಿದ ಹಾಗೇ ಇತ್ತು.

ಹಾಕುವುದನ್ನೇ ಮರೆತಿದ್ದಳು. ಹಿಂದಾಗಿದ್ದರೆ ನಾಲಿಗೆ ಹೇಳುತ್ತಿತ್ತು. ಅದಕ್ಕೂ ಪಥ್ಯ ಹಾಕಿಬಿಟ್ಟಿದ್ದಳು. ಹಿಟ್ಟಿಗೆ ಉಪ್ಪಿಲ್ಲದಿದ್ದರೆ ಏನಾಗುತ್ತದೆ ಎಂದು ಈ ಬೀದಿಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಿಡಿತ ತಪ್ಪುತ್ತದೆ, ಜೋಲುತ್ತದೆ, ನಿಲ್ಲಿಸಿದಲ್ಲಿ ನಿಲ್ಲುವುದಿಲ್ಲ... ಅವಳು ಟ್ರೇಯ ಮೇಲೆ ಮಲಗಿದ ಉಂಡೆಯನ್ನು ನೋಡಿದಳು. ನಡುಗುತ್ತಿದ್ದ ತನ್ನ ಮೊಣಕಾಲುಗಳನ್ನು ನೋಡಿಕೊಂಡಳು. ಮನೆಯ ಸಾರಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ, ಮೊಟ್ಟೆಗೆ ಉಪ್ಪಿಲ್ಲ. ಇದ್ದ ಉಪ್ಪೆಲ್ಲ ಇದ್ದದ್ದು ಬ್ರೆಡ್ಡಿನಲ್ಲಿ. ಬ್ರೆಡ್ಡು ಬಿಟ್ಟು ನಾಲ್ಕು ವಾರ! ದಿನವೆಲ್ಲ ಭಟ್ಟಿಯ ಮುಂದೆ ಬೆವರಿ ಬೆವರಿ, ಬರಿಯ ನೀರು ಕುಡಿಯುತ್ತ...

ಅವಳು ನೇರ ಕಿಟಕಿಗೆ ಹೋಗಿ, ಬಟ್ಟಲಿನಿಂದ ಒಂದು ಚಿಟಿಕೆ ಉಪ್ಪು ಎತ್ತಿ ನಾಲಿಗೆಯ ಮೇಲೆ ಇಟ್ಟುಕೊಂಡಳು.

"ಉಗುಳು!" ಅತ್ತೆ ಚೀರಿದರು. ಓಡಿಬಂದು ಅವಳ ಕೈ ಹಿಡಿದರು. ಆ ಹಿಡಿತದಲ್ಲಿ ಸಿಟ್ಟಿರಲಿಲ್ಲ, ಬರಿಯ ಭಯ. "ಉಗುಳೇ... ಉಗುಳು! ನನ್ನ ಮಗನ್ನ ತಿಂದದ್ದು ಅದೇ! ಅವನು ಕೇಳ್ದ ಅಂತ ಊಟದಲ್ಲಿ ಸುರಿದು ಸುರಿದು ಬಡಿಸ್ದೆ... ಈ ಕೈಯೇ ಕಣೇ ಬಡಿಸಿದ್ದು! ಈ ಕೈಯೇ ಅವನನ್ನ ಕೊಂದದ್ದು..."

ಮೈದುನ ಹಿಟ್ಟಿನ ಮೂಟೆಯ ಮೇಲೆ ತಟ್ಟನೆ ಕುಳಿತುಬಿಟ್ಟ.

ಸೊಸೆ ಅತ್ತೆಯನ್ನೇ ನೋಡಿದಳು. ಮೂರು ವರ್ಷದಿಂದ ಈ ಹೆಂಗಸು ಇದನ್ನು ಹೊತ್ತುಕೊಂಡು ತಿರುಗುತ್ತಿದ್ದಾಳೆಯೇ? ಸೊಸೆಯಲ್ಲಿಯೂ ಒಂದು ಮಾತು ಮೂರು ವರ್ಷದಿಂದ ಹುದುಗಿತ್ತು. ಹೇಳಿದರೆ ಸತ್ತವನಿಗೆ ಅವಮಾನ ಎಂದು ನುಂಗಿಕೊಂಡಿದ್ದಳು.

"ಅತ್ತೆ, ಕೂತ್ಕೊಳ್ಳಿ," ಎಂದಳು. "ನಿಮ್ಮ ಕೈ ಅಲ್ಲ. ಅವರಿಗೆ ಡಾಕ್ಟರು ಒತ್ತಡಕ್ಕೆ ಮಾತ್ರೆ ಕೊಟ್ಟಿದ್ರು. ಅವರು ಹೋದ ಮೇಲೆ ಹಿಟ್ಟಿನ ಡ್ರಮ್ಮಿನ ಹಿಂದೆ ನನಗೆ ಒಂದು ಚೀಲ ಸಿಕ್ತು. ಏಳು ತಿಂಗಳ ಮಾತ್ರೆ. ಒಂದು ಪಟ್ಟೀನೂ ಒಡೆದಿರಲಿಲ್ಲ."

"...ಏನಂದೆ?"

"ಮಾತ್ರೆ ತಗೊಂಡ್ರೆ ಸುಸ್ತಾಗುತ್ತೆ, ಭಟ್ಟಿ ಮುಂದೆ ನಿಲ್ಲೋಕಾಗಲ್ಲ ಅಂತ ಒಂದು ಸಲ ಅಂದಿದ್ರು. ಆಮೇಲೆ ಸುಸ್ತಿನ ಮಾತೇ ಎತ್ತಲಿಲ್ಲ. ನಾನು ಸರಿಹೋಯ್ತು ಅಂದ್ಕೊಂಡೆ." ಅವಳ ದನಿ ಮೊದಲ ಬಾರಿಗೆ ಒಡೆಯಿತು. "ಅವರು ಸುಸ್ತು ಬೇಡ ಅಂತ ಔಷಧಿ ಬಿಟ್ರು ಅತ್ತೆ! ಈಗ ನೀವು ನನಗೂ ಅದನ್ನೇ ಹೇಳ್ತಿದ್ದೀರ. ಸುಸ್ತಾದ್ರೆ ಪಥ್ಯ ಬಿಡು, ಬ್ರೆಡ್ಡು ತಿನ್ನು ಅಂತ. ನಾನು ಬಿಡಲ್ಲ. ಸುಸ್ತು ಎಲ್ಲಿಂದ ಬಂತು ಅಂತ ಹುಡುಕ್ತೀನಿ. ಸಿಕ್ಕಿದೆ ಅನ್ಸುತ್ತೆ."

ಅತ್ತೆ ಕುಳಿತಲ್ಲೇ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಬೇರೆ ಯಾರದೋ ಕೈ ನೋಡುವ ಹಾಗೆ. ಆಮೇಲೆ ಅವರು ಅತ್ತರು; ಅಂಥ ಅಳುವನ್ನು ಆ ಮನೆ ಮೂರು ವರ್ಷದಿಂದ ಕೇಳಿರಲಿಲ್ಲ. ಸೊಸೆಯೂ ಅವರ ಪಕ್ಕ ಕುಳಿತಳು. ಕಣ್ಣು ಒದ್ದೆಯಾದಾಗ ಅವಳಿಗೇ ಆಶ್ಚರ್ಯವಾಯಿತು.

ಮೊದಲು ಎದ್ದವಳು ಅವಳೇ. ಒಂದು ಲೋಟ ನೀರು ಕುಡಿದಳು. ಬಟ್ಟಲಿನ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ತೊಟ್ಟಿಗೆ ಸುರಿದಳು.

"ಏನೋ, ಕೈ ತೊಳ್ಕೊಂಡು ಬಾ. ಇನ್ನೊಂದು ಸಲ ನಾದಬೇಕು. ಹಿಟ್ಟು ಸತ್ತಿಲ್ಲ," ಎಂದಳು ಮೈದುನನಿಗೆ.

"ನಾನಾ? ಕ್ರಿಕೆಟ್ಟು..."

"ಬಾರೋ!" ಎಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಅತ್ತಿಗೆ ಹೇಳಿದ ಹಾಗೆ ಮಾಡು. ನಾನು ಟ್ರೇಗೆ ಎಣ್ಣೆ ಹಚ್ತೀನಿ."

ಸೊಸೆ ಸ್ಟೂಲಿನ ಮೇಲೆ ಕುಳಿತು ನಾದಿಸಿದಳು. ಅರ್ಧ ಗಂಟೆಗೆಲ್ಲ ಹಿಟ್ಟು ಬಿಗಿಯಾಯಿತು, ಕೈಗೆ ಅಂಟುವುದನ್ನು ಬಿಟ್ಟಿತು. ಕಟ್ಟಿದ ಉಂಡೆ ದುಂಡಗೆ ಎದೆಯುಬ್ಬಿಸಿ ನಿಂತಿತು. ಸಂಜೆ ನಾಲ್ಕಕ್ಕೆ ಮುನ್ನೂರು ಬನ್ನು ವ್ಯಾನು ಹತ್ತಿದವು. ಮೈದುನ ಬೀದಿಯ ಕೊನೆಯವರೆಗೂ ಹಾರ್ನ್ ಬಾರಿಸಿಕೊಂಡೇ ಹೋದ.

ಸೋಮವಾರ ಅತ್ತೆಯೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮ ಕೂರಿಸಿ, ನಿಲ್ಲಿಸಿ ಒತ್ತಡ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು. ವರದಿ ನೋಡಿ ಕನ್ನಡಕ ಕೆಳಗಿಟ್ಟರು.

"ರಕ್ತದಲ್ಲಿ ಉಪ್ಪು ತುಂಬಾ ಕಡಿಮೆಯಾಗಿದೆ. ಒತ್ತಡವೂ ಇಳಿದಿದೆ. ಪಿಷ್ಟ ಕಡಿಮೆ ಮಾಡಿದಾಗ ದೇಹ ಉಪ್ಪನ್ನ, ನೀರನ್ನ ಜಾಸ್ತಿ ಹೊರಗೆ ಹಾಕುತ್ತೆ. ನೀವು ಹಾಕ್ಕೊಳ್ಳೋದನ್ನೂ ನಿಲ್ಲಿಸಿದ್ದೀರ, ಮೇಲೆ ಭಟ್ಟಿ ಕೆಲಸ! ಸುಸ್ತಾದ್ರೆ ಬನ್ನಿ ಅಂತ ಬರೆದಿದ್ನಲ್ಲ, ಓದಲಿಲ್ವಾ?"

"ಓದಿದೆ. ತಡ್ಕೋತೀನಿ ಅಂದ್ಕೊಂಡೆ."

"ತಡ್ಕೊಳ್ಳೋದು ಔಷಧಿ ಅಲ್ಲ. ಊಟಕ್ಕೆ ಅಳತೆಯಲ್ಲಿ ಉಪ್ಪು ಹಾಕಿ. ಕೆಲಸದ ದಿನ ಒಂದು ಬಟ್ಟಲು ಬಿಸಿ ತರಕಾರಿ ಸಾರು ಕುಡೀರಿ. ಎರಡು ವಾರ ಬಿಟ್ಟು ಬನ್ನಿ." ಅತ್ತೆಯ ಕಡೆ ತಿರುಗಿ, "ಇದು ಇವರಿಗೆ ಹೇಳಿದ್ದು. ನಿಮ್ಮ ಅಳತೆ ಬೇರೆ," ಎಂದರು.

"ನಂದನ್ನ ಯಾರು ಕೇಳಿದ್ರು? ಇವಳದ್ದು ಬರೆದುಕೊಡಿ, ಅಳೆದು ಹಾಕ್ತೀನಿ," ಎಂದರು ಅತ್ತೆ.

ಅತ್ತೆ ಉಪ್ಪನ್ನು ಅಳೆದು ಬಟ್ಟಲಿನಲ್ಲಿ ಇಡುತ್ತಿದ್ದರು, ತಟ್ಟೆಗೆ ಹಾಕಿಕೊಳ್ಳುತ್ತಿದ್ದವಳು ಸೊಸೆಯೇ. ಆಯಾಸ ಒಂದೇ ಏಟಿಗೆ ಹೋಗಲಿಲ್ಲ. ಬಂದ ಹಾಗೆಯೇ, ಎರಡು ವಾರದಲ್ಲಿ ಮೆಲ್ಲಗೆ ಇಳಿಯಿತು. ಮೊದಲು ಕಣ್ಣ ಮುಂದಿನ ಚುಕ್ಕೆಗಳು ಹೋದವು, ಆಮೇಲೆ ಮೀನಖಂಡದ ಹಿಡಿತ. ಒಂದು ಬೆಳಗ್ಗೆ ನಾದುತ್ತಿರುವಾಗ ತಾನು ಗುನುಗುತ್ತಿದ್ದೇನೆ ಎಂಬುದು ಅವಳಿಗೆ ಅರಿವಾಗಿ, ನಾಚಿ ನಿಲ್ಲಿಸಿದಳು.

"ಯಾಕೆ ನಿಲ್ಲಿಸ್ದೆ?" ಎಂದರು ಅತ್ತೆ ಒಳಗಿನಿಂದ.

ಅಂದು ಮಧ್ಯಾಹ್ನ ಭಟ್ಟಿಯಿಂದ ಮೊದಲ ಬ್ರೆಡ್ಡು ಇಳಿಯಿತು. ಅತ್ತೆ ಅಂಚು ಮುರಿದರು. ಒಂದು ಗಳಿಗೆ ಅದನ್ನು ಹಿಡಿದುಕೊಂಡೇ ನಿಂತರು. ಆಮೇಲೆ ತಾವೇ ಬಾಯಿಗೆ ಹಾಕಿಕೊಂಡು, ಅಗಿದು, ತಲೆಯಾಡಿಸಿದರು.

"ಸರಿಯಾಗಿದೆ. ಇನ್ನು ಮೇಲೆ ಇದನ್ನ ರುಚಿ ನೋಡೋದು ನನ್ನ ಕೆಲಸ. ನಿನ್ನ ಪಾಲು ಅಲ್ಲಿದೆ ನೋಡು."

ಕಿಟಕಿಯ ಕಟ್ಟೆಯ ಮೇಲೆ, ದಿನಾ ಉಪ್ಪಿನ ಬಟ್ಟಲು ಇರುವ ಜಾಗದಲ್ಲಿ ಒಂದು ತಟ್ಟೆ ಇತ್ತು. ಬೇಯಿಸಿ ಸೀಳಿದ ಎರಡು ಮೊಟ್ಟೆ, ಬಾಡಿಸಿದ ಸೊಪ್ಪು. ಅತ್ತೆ ಪಕ್ಕಕ್ಕೆ ಸರಿಸಿಟ್ಟಿದ್ದ ಬಟ್ಟಲಿನಿಂದ ಚಿಟಿಕೆ ಉಪ್ಪು ತೆಗೆದುಕೊಂಡರು. ಮೂರು ವರ್ಷದಿಂದ ಯಾರ ತಟ್ಟೆಗೂ ಉಪ್ಪು ಹಾಕದ ಆ ಬೆರಳುಗಳು ಮೊಟ್ಟೆಯ ಮೇಲೆ ಬಂದು ನಿಂತವು. ಸೊಸೆ ತಟ್ಟೆಯನ್ನು ಎತ್ತಿ ಆ ಕೈಯ ಕೆಳಗೆ ಹಿಡಿದಳು.

"ಹಾಕಿ ಅತ್ತೆ."

ಉಪ್ಪು ಉದುರಿತು.

"ಸಾಕಾ?"

"ಸಾಕು."

ಅವಳು ನಿಂತುಕೊಂಡೇ ತಿಂದಳು. ನಾದಿದವರು ತಿನ್ನುತ್ತಿದ್ದುದೇ ಹಾಗೆ. ಅವಳ ಬೆನ್ನ ಹಿಂದೆ ಸಡಿಲವಾಗಿದ್ದ ಏಪ್ರನ್ನಿನ ದಾರವನ್ನು ಅತ್ತೆ ಬಿಚ್ಚಿದರು. ಮತ್ತೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ತಟ್ಟೆ ಖಾಲಿಯಾಯಿತು. ಸೊಸೆ ಕೈ ತೊಳೆದುಕೊಂಡು ಹೋಗಿ ಎರಡನೇ ಟ್ರೇಯನ್ನು ಒಬ್ಬಳೇ ಎತ್ತಿದಳು.