ಹೊಸ ಪೈಪಿನ ಮೇಲೆ ರೇಷ್ಮೆ ನೂಲು

ಬುಧವಾರ ಬೆಳಿಗ್ಗೆ 9.20ಕ್ಕೆ ಗಣೇಶ್ ಪ್ರಸಾದ್ ಶಿಡ್ಲಘಟ್ಟದ ಠಾಣೆಗೆ ಓಡಿ ಬಂದ. ಅಂಗಿಯ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡಿದ್ದ. ಅವನ ಐದು ವರ್ಷದ ಮಗಳು ಮಹತಿ ವಾಂತಿಭೇದಿಯಿಂದ ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದ್ದಳು.

"ನಮ್ಮ ಬಿಲ್ಡಿಂಗಿನ ಹೊಸ ಪೈಪನ್ನ ಯಾರೋ ಕೊಯ್ದಿದಾರೆ ಮೇಡಂ. ನೀರಿಗೆ ಏನು ಸೇರಿದೆ ಅಂತ ಡಾಕ್ಟ್ರು ಕೇಳ್ತಿದಾರೆ. ನಾನು ಏನಂತ ಹೇಳ್ಲಿ?"

ಸಬ್‌ಇನ್‌ಸ್ಪೆಕ್ಟರ್ ತನುಜ 9.50ಕ್ಕೆ ಎಫ್‌ಐಆರ್ ದಾಖಲಿಸಿದಳು. ವಿಷ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಜೀಪಿನಲ್ಲಿ ಕುಳಿತಷ್ಟು ಹೊತ್ತೂ ಅವಳ ತಲೆಯಲ್ಲಿದ್ದದ್ದು ಅದೊಂದೇ ಮಾತು.

ಎಪ್ಪತ್ತು ವರ್ಷದ ಹಿಂದೆ ರೇಷ್ಮೆ ವ್ಯಾಪಾರಿಯೊಬ್ಬರು ಕಟ್ಟಿಸಿದ ಮೂರಂತಸ್ತಿನ ಕಟ್ಟಡವದು. ನೆಲಮಹಡಿಯಲ್ಲಿ ನೂಲು ಬಿಚ್ಚುವ ಘಟಕ, ಮೇಲೆ ಎಂಟು ಸಂಸಾರ. ಕಬ್ಬಿಣದ ಪೈಪುಗಳು ತುಕ್ಕು ಹಿಡಿದು ನಲ್ಲಿಯಲ್ಲಿ ಕಾಫಿ ಬಣ್ಣದ ನೀರು ಬರುತ್ತಿತ್ತು. ಬೈದು ಬೈದು ಸುಸ್ತಾದ ನಿವಾಸಿಗಳು ಕೊನೆಗೆ ಪ್ಲಾಸ್ಟಿಕ್ ಪೈಪು ಹಾಕಿಸಲು ಒಪ್ಪಿದ್ದರು. ಎರಡು ವಾರದಿಂದ ಕೆಲಸ ನಡೆದಿತ್ತು. ಹೊಸ ಪೈಪಿಗೆ ಆಗಲೇ ನೀರು ಬಿಟ್ಟಿದ್ದರು, ಹಳೆಯದನ್ನು ಇನ್ನೂ ಕಿತ್ತಿರಲಿಲ್ಲ.

10.40ಕ್ಕೆ ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ರೇಷ್ಮೆಗೂಡು ಬೇಯಿಸಿದ ಕೊಳಕು ನೀರು ಹರಿಯುವ ಚರಂಡಿಯ ಪಕ್ಕದಲ್ಲೇ ಹೊಸ ಪೈಪು ಮಲಗಿತ್ತು. ಅದರಲ್ಲಿ ನಾಲ್ಕು ಬೆರಳು ಉದ್ದದ ಸೀಳು. ಸೀಳಿನ ಮೇಲೆ ಹಸಿ ರೇಷ್ಮೆ ನೂಲು. ಒಂದೆಳೆ ಇನ್ನೊಂದರ ಮೇಲೆ ಹತ್ತದಂತೆ, ಓರೆಯಾಗಿ, ಅಚ್ಚುಕಟ್ಟಾಗಿ ಸುತ್ತಿದ್ದರು.

ಪ್ಲಂಬರ್ ಮುರಳಿಮೋಹನ ಟೇಪಿನ ಸುರುಳಿ ಎತ್ತಿ ತೋರಿಸಿದ. "ನಾನಲ್ಲ ಮೇಡಂ. ನಾವು ಟೇಪು ಸುತ್ತೋರು."

"ಹಿಂದೆಯೂ ಕೊಯ್ದಿದ್ರಾ?"

"ಎರಡು ಸಲ. ಯಾರೋ ಆಗದೋರು ಅಂತ ಸುಮ್ನೆ ಬೇರೆ ಪೈಪು ಹಾಕ್ದೆ."

"ಚರಂಡಿ ನೀರು ಒಳಗೆ ಹೇಗೆ ಹೋಯ್ತು?"

"ಇಲ್ಲಿ ನಾಲ್ಕು ದಿನಕ್ಕೊಂದ್ಸಲ ನೀರು ಬಿಡೋದು. ಬಿಟ್ಟಾಗ ಸೀಳಿಂದ ಹೊರಗೆ ಚಿಮ್ಮುತ್ತೆ. ನಿಂತ್ಮೇಲೆ ಖಾಲಿ ಪೈಪು ಚರಂಡಿ ನೀರನ್ನ ಒಳಕ್ಕೆ ಎಳ್ಕೊಳುತ್ತೆ. ನೂಲು ಅದನ್ನ ತಡೀತದಾ?"

11.35ಕ್ಕೆ ತನುಜ ಡಾಕ್ಟರಿಗೆ ಫೋನ್ ಮಾಡಿದಳು. ಚರಂಡಿ ನೀರಾದರೆ ಒಂದು ಔಷಧಿ, ಬೇರೇನಾದರೂ ಬೆರೆಸಿದ್ದರೆ ಇನ್ನೊಂದು ಎಂದರು ಅವರು. ಅದನ್ನು ಹೇಳಬಲ್ಲವರು ಕೊಯ್ದವರೇ.

ಘಟಕದಲ್ಲಿ ಆರು ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಕುಳಿತಿದ್ದರು. ಕಾನ್‌ಸ್ಟೆಬಲ್ ಕೋನಪ್ಪ ನೂಲಿನ ಸಮೇತ ಕತ್ತರಿಸಿ ತಂದ ಪೈಪಿನ ತುಂಡನ್ನು ಒಬ್ಬೊಬ್ಬರ ಮುಂದೆ ಹಿಡಿದ. ನೂಲು ಸುತ್ತುವ ಕೈ ಯಾರದೆಂದು ಇವರಿಗೆ ಅಕ್ಷರ ನೋಡಿದಷ್ಟೇ ಸಲೀಸಾಗಿ ಗೊತ್ತಾಗುತ್ತದೆ. ಐವರೂ ಗೊತ್ತಿಲ್ಲವೆಂದರು. ಐವರೂ ಮೂಲೆಯ ತೊಟ್ಟಿಯ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಪೊಲೀಸರಿಗೆ ಅಷ್ಟು ಸಾಕು.

ಮೂಲೆಯಲ್ಲಿದ್ದವಳು ಮಂಗಮ್ಮ. ಅವಳ ಭುಜಕ್ಕೆ ತಾಗುವಂತೆ ಹಳೇ ಕಬ್ಬಿಣದ ಪೈಪು ಮೇಲಿಂದ ಇಳಿದಿತ್ತು.

"ಕೊಯ್ದಿದ್ದು ನೀನೇನಾ?" ತನುಜ ಕೇಳಿದಳು.

ಮಂಗಮ್ಮ ತೊಟ್ಟಿಯ ಗೂಡುಗಳನ್ನು ಕದಡುತ್ತಲೇ ಇದ್ದಳು.

"ಮಗು ಆಸ್ಪತ್ರೇಲಿದೆ. ನೀರಿಗೆ ಬೇರೇನಾದ್ರೂ ಹಾಕಿದೀಯಾ? ಬೇಗ ಹೇಳು."

"ಯಾವ ಮಗು?"

"ಮಹತಿ."

"ಅಯ್ಯೋ ದೇವುಡಾ!" ಮಂಗಮ್ಮ ಬೆಂದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. "ಏನೂ ಹಾಕಿಲ್ಲ ತಾಯಿ, ನನ್ನಾಣೆ. ಕೊಯ್ದೆ ಅಷ್ಟೇ. ನೀರು ಪೋಲಾಗೋದು ನೋಡಕ್ಕಾಗ್ದೆ ನೂಲು ಸುತ್ತಿದೆ."

ತನುಜ ಅಲ್ಲೇ ನಿಂತು ಡಾಕ್ಟರಿಗೆ ತಿಳಿಸಿದಳು. 12.10.

"ಯಾಕೆ ಕೊಯ್ದೆ?"

"ನಮ್ಮನೆಯೋರು ಮುನಿಶಾಮಿ, ಮೇಲೆ ಮಲಗವ್ರೆ. ಲಕ್ವ ಹೊಡೆದು ಮಾತು ಹೋಗಿದೆ. ಕೈಯೊಂದು ಆಡ್ತದೆ. ಬೇಕಾದ್ರೆ ಸ್ಪೂನಲ್ಲಿ ಈ ಪೈಪಿಗೆ ಮೂರು ಸಲ ಕುಟ್ತಾರೆ. ಮಿಷಿನ್ ಸದ್ದಲ್ಲಿ ಕೇಳಿಸಲ್ಲ, ಭುಜಕ್ಕೆ ತಿಳೀತದೆ. ನಾನು ಒಂದ್ಸಲ ಕುಟ್ಟಿ ಬಂದೆ ಅಂತೀನಿ. ಸೋಮವಾರ ಇದನ್ನ ಕಿತ್ತಾಕ್ತಾರಂತೆ. ಪ್ಲಾಸ್ಟಿಕ್ಕು ಕುಟ್ಟಿದ್ರೆ ಏನು ತಿಳೀತದೆ? ಹೊಸದು ಸರಿ ಇಲ್ಲ ಅಂದ್ಕೊಂಡು ಹಳೇದನ್ನ ಬಿಡ್ತಾರೇನೋ ಅಂತ ಕೊಯ್ದೆ."

"ಒಂದು ಮಾತು ಹೇಳಬಾರದಿತ್ತೇನಮ್ಮ?"

"ಎಲ್ಲರಿಗೂ ಒಳ್ಳೇ ನೀರು ಬರ್ಲಿ ಅಂತ ಮಾಡಿಸ್ತಾವ್ರೆ. ಯಾವ ಬಾಯಲ್ಲಿ ಬೇಡ ಅನ್ನಲಿ?"

ಸೂರ್ಯ ಮುಳುಗಿದರೆ ಹೆಂಗಸರನ್ನು ದಸ್ತಗಿರಿ ಮಾಡುವಂತಿಲ್ಲ. ಹೇಳಿಕೆ, ಕೊಯ್ದ ಬ್ಲೇಡಿನ ಜಪ್ತಿ ಎಲ್ಲ ಮುಗಿಸಿ ತನುಜ ಮಂಗಮ್ಮನನ್ನು ದಸ್ತಗಿರಿ ಮಾಡುವಾಗ ಗಂಟೆ ಐದಾಗಿತ್ತು. ಅಷ್ಟರಲ್ಲಿ ಗಣೇಶ್ ಪ್ರಸಾದನ ಫೋನ್ ಬಂತು. ಮಹತಿ ಕಣ್ಣುಬಿಟ್ಟು ಗಂಜಿ ಕುಡಿದಿದ್ದಳು. ತನುಜ ಅದನ್ನು ಮಂಗಮ್ಮನಿಗೆ ಹೇಳಿದಳು. ಮಂಗಮ್ಮ ಗಟ್ಟಿಯಾಗಿ ಅತ್ತಳು.

ದಸ್ತಗಿರಿ ಮಾಡಿದ್ದನ್ನು ಸಂಬಂಧಿಕರಿಗೆ ತಿಳಿಸಬೇಕು. ಇದ್ದ ಸಂಬಂಧಿಕ ಒಬ್ಬನೇ. ತನುಜ ಮಹಡಿ ಹತ್ತಿ, ಮಂಚದ ಪಕ್ಕ ಕುಳಿತು, ಮುನಿಶಾಮಿಗೆ ನಿಧಾನವಾಗಿ ವಿಷಯ ಹೇಳಿದಳು. ಜಾಮೀನು ಸಿಗುತ್ತದೆ, ಅಲ್ಲಿಯವರೆಗೆ ಕೋನಪ್ಪ ಇಲ್ಲೇ ಇರುತ್ತಾನೆ ಎಂದಳು. ಮುನಿಶಾಮಿ ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಸ್ಪೂನು ಎತ್ತಿ ಪೈಪಿಗೆ ಮೂರು ಸಲ ಕುಟ್ಟಿದ.

ತನುಜ ಇಳಿದು ಹೋದ ಮೇಲೆ, ಕೆಳಗೆ ಮಂಗಮ್ಮನನ್ನು ಕೂರಿಸಿಕೊಂಡ ಜೀಪು ಹೊರಟ ಸದ್ದು ಕೇಳಿಸಿತು. ಅವನು ಅಂಗೈಯನ್ನು ಪೈಪಿಗೆ ಒತ್ತಿ ಕಾದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ ಕುಟ್ಟಿದ.