ಒಬ್ಬರಿಗಷ್ಟೇ ಬುತ್ತಿ

ಪದ ಅರ್ಧಕ್ಕೆ ನಿಂತಿತು.

ಒದ್ದೆ ಸೀರೆ ಹಿಂಡುತ್ತಿದ್ದ ಕಾಂಚನಾಳ ಕೈಯೂ ನಿಂತಿತು. ಉಂಡ ಮೇಲೆ ಒಂದು ವಚನ ಹಾಡುವುದು ಮಾವ ರಾಮಲಿಂಗಪ್ಪನವರ ರೂಢಿ. ಕಡೆಗೆ ದೇವರ ಹೆಸರು ಬರುವತನಕ ಅವರು ನಿಲ್ಲಿಸಿದವರಲ್ಲ. ಮಗ ತೀರಿಕೊಂಡ ವಾರದಲ್ಲೂ ನಿಲ್ಲಿಸಿರಲಿಲ್ಲ. ಇವತ್ತು ದೇವರ ಹೆಸರು ಬರಲಿಲ್ಲ.

ಅವಳು ಓಡಿದಳು.

ಹಿನ್ನೀರಿನ ಮೇಲೆ ಇನ್ನೂ ಮಂಜು. ರೆಸಾರ್ಟಿನ ಕೋಣೆಯ ಮುಂದಿನ ಕಟ್ಟೆಯ ಮೇಲೆ ಮುದುಕರು ಒಂದು ಮಗ್ಗುಲಿಗೆ ಉರುಳಿದ್ದರು. ತುಟಿ ನೀಲಿಗಟ್ಟಿತ್ತು. ಬಾಯಂಚಿನಲ್ಲಿ ನೊರೆ. ಎದುರಿಗೆ ಬಿಚ್ಚಿದ ಬುತ್ತಿ. ಅರ್ಧ ಮುರಿದ ಸಜ್ಜಿ ರೊಟ್ಟಿ. ಮಗ್ಗುಲಿಗೆ ಹಿಂಡಿಯ ಡಬ್ಬಿ, ಗುರೆಳ್ಳು ಕುಟ್ಟಿದ ಚಟ್ನಿಪುಡಿ.

"ಮಾವಾರ! ಮಾವಾರ!"

ಕಣ್ಣು ತೆರೆದೇ ಇದ್ದವು. ಅವಳನ್ನು ನೋಡುತ್ತಿರಲಿಲ್ಲ.

* * *

ಬೀಳಗಿ ಠಾಣೆಯ ಪಿಎಸ್‌ಐ ದಾನೇಶ್ವರಿ ಬರುವ ಹೊತ್ತಿಗೆ ಅಂಬುಲೆನ್ಸ್ ಬಾಗಲಕೋಟೆಯ ಹಾದಿ ಹಿಡಿದಿತ್ತು. ಜೊತೆಗೆ ಅಳಿಯ ಚಿದಾನಂದ ಹೋಗಿದ್ದ. ಉಳಿದವರನ್ನು ರೆಸಾರ್ಟಿನಲ್ಲೇ ಇರಿಸಿದ್ದರು. ಅವರ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು? ಒಬ್ಬ ನರ್ಸ್ ಎಲ್ಲರ ನಾಡಿ ನೋಡುತ್ತಿದ್ದಳು.

ಆಸ್ಪತ್ರೆಯಿಂದ ಡಾಕ್ಟರ ಫೋನು ಬಂತು.

"ವಿಷ ಅನ್ನೋದು ಖಚಿತ. ಯಾವುದು ಅಂತ ಬೇಗ ತಿಳಿಸಿ, ಮೇಡಂ. ತಿಳಿದರೆ ಉಳಿಸಬಹುದು. ಸಂಜೆತನಕ ಕಾಯೋ ಜೀವ ಅಲ್ಲ ಅದು."

ದಾನೇಶ್ವರಿ ಫೋನು ಜೇಬಿಗಿಟ್ಟಳು.

ಬನಹಟ್ಟಿಯ ನೇಕಾರ ಮನೆತನ. ಸಂಕ್ರಮಣಕ್ಕೆ ಹೊಳೆಯಲ್ಲಿ ಮಿಂದು ಎರಡು ದಿನ ಇದ್ದು ಹೋಗಲು ಬಂದವರು. ರಾಮಲಿಂಗಪ್ಪನವರ ಹೆಂಡತಿ ಲಕ್ಷ್ಮವ್ವ ಗೋಡೆಗೆ ಒರಗಿ ಕುಳಿತಿದ್ದರು. ಒಮ್ಮೆ ಎಚ್ಚರ ತಪ್ಪಿ ಎದ್ದಿದ್ದರು. ಮಗ್ಗುಲಲ್ಲಿ ವಿಧವೆ ಸೊಸೆ ಕಾಂಚನಾ. ಅವಳ ತೊಡೆಯ ಮೇಲೆ ಮಗಳು ಅಕ್ಷತಾ.

"ಯಾರ್ಯಾರು ಏನೇನು ತಿಂದ್ರಿ, ಅವ್ವಾರ?"

ಲಕ್ಷ್ಮವ್ವ ಮುಂಗೈ ಎತ್ತಿ ತೋರಿಸಿದರು. ಬಳೆಗಳ ನಡುವೆ ಒಂದು ಹಸಿರು ಪಟ್ಟಿ.

"ಇದನ್ನ ಕಟ್ಟಿಸಿಕೊಂಡವರು ಅಲ್ಲಿ ಊಟದ ಹಾಲ್‌ನ್ಯಾಗ ಉಣ್ಣೂದರಿ. ನಾಷ್ಟಾ, ಊಟ, ಚಹಾ, ಎಲ್ಲಾ ಸೇರಿ. ಬುತ್ತಿ ಒಯ್ಯೂದು ಛಲೋನೋ, ಇದು ಛಲೋನೋ ಅಂತ ಮನ್ಯಾಗ ವಾರಗಟ್ಲೆ ವಾದ ಆತು. ನಮ್ಮ ರಾಹುಲನ ಹಟ. ದೊಡ್ಡವ್ವಾ, ಹುಟ್ಟಿದಾಗಿಂದ ಒಲಿ ಮುಂದ ಕುಂತೀ, ಎರಡು ದಿನಾನರ ಕುಂತು ಉಣ್ಣು ಅಂದ."

"ಯಜಮಾನ್ರಿಗೂ ಪಟ್ಟಿ ಇತ್ತೇನ್ರಿ?"

"ಇಲ್ಲರಿ. ಅವರು ಹೊರಗಿಂದು ಮುಟ್ಟಂಗಿಲ್ಲ. ಅವರೊಬ್ಬರಿಗೆ ಬುತ್ತಿ." ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮುಂಜಾನೇನ ಅಪಶಕುನ ಆಗಿತ್ತರಿ. ಕೂಸು ಅಜ್ಜನ ಬುತ್ತಿಗೆ ಕೈ ಹಾಕಿ ಹಿಂಡಿ ಹಚ್ಚಿದ ರೊಟ್ಟಿ ಹಿಡದಿತ್ತು. ಐಸ್ಕ್ರೀಮ್ ಕೊಡಸ್ತೀನಿ ಬಾ ಅಂತ ರಾಹುಲ ಕಸಗೊಂಡ. ಕಸಗೊಂಡು ನೆಲಕ್ಕ ಒಗದ! ಹಬ್ಬದ ರೊಟ್ಟಿ! ನಮ್ಮ ಮನ್ಯಾಗ ಚೂರು ಬಿದ್ರೂ ಕಣ್ಣಿಗೊತ್ತಿ ತಿಂತೇವಿ. ಅವಾಗ ನನ್ನ ಎದಿ ಧಸಕ್ಕಂತು. ಶಿವಾ, ಶಿವಾ."

"ಹುಡುಗ್ರು ಹಂಗ ಇರ್ತಾರ, ಅವ್ವಾರ" ಅಂದ ಕಾನ್‌ಸ್ಟೇಬಲ್ ಯಲ್ಲಾಲಿಂಗ.

ದಾನೇಶ್ವರಿ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡಳು.

* * *

ರಾಹುಲ ರಾಮಲಿಂಗಪ್ಪನವರ ತಮ್ಮನ ಮಗ. ತಂದೆ-ತಾಯಿ ಇಲ್ಲದವನನ್ನು ಬೆಳೆಸಿದವರು ಲಕ್ಷ್ಮವ್ವ. ಅಣ್ಣ ಸತ್ತ ಮೇಲೆ ಮಗ್ಗದ ಶೆಡ್ ನೋಡಿಕೊಳ್ಳುವವನೂ ಅವನೇ. ಕಣ್ಣು ಕೆಂಪಾಗಿದ್ದವು.

"ಬುತ್ತಿ ಮಾತು ಬಿಡ್ರಿ, ಮೇಡಂ. ಅಕ್ಷತಾ ಊಟದ ಹಾಲ್‌ನಿಂದ ಜಿಲೇಬಿ ಒಯ್ದು ಅಜ್ಜಗ ಕೊಟ್ಟಾಳ. ನಾ ಕಣ್ಣಾರೆ ನೋಡೇನಿ. ಈ ಅಡಿಗಿಯೊಳಗ ಏನೋ ಐತಿ. ಆ ವೀರೇಶನ್ನ ಹಿಡೀರಿ. ಇವತ್ತ ಮುಂಜಾನೆ ನಾವು ಬಂದ ಕೂಡ್ಲೆ ದೊಡ್ಡಪ್ಪನ ಕೂಡ ಬಾಯಿ ಮಾಡ್ಯಾನ."

ಅಡುಗೆಯವ ವೀರೇಶನನ್ನು ಕರೆಸಿದರು. ಅವನು ಬಾಗಿಲಲ್ಲೇ ಕೈಮುಗಿದು ನಿಂತ.

"ಹೊರಗಿನ ಊಟ ಒಳಗ ತರೂಹಂಗಿಲ್ಲ ಅಂತ ಬೋರ್ಡ್ ಐತ್ರಿ. ಅಷ್ಟ ಹೇಳೇನಿ. ಅಜ್ಜಾರು ಬೈಲಿಲ್ರಿ, ಬುತ್ತಿ ಬಿಚ್ಚಿ ಒಂದು ಶೇಂಗಾ ಹೋಳಿಗಿ ನನ್ನ ಕೈಯಾಗ ಇಟ್ರು. ಈಗ ಬೋರ್ಡ್ ಓದು ನೋಡೋಣ ಅಂದ್ರು."

"ನೀ ಏನು ಮಾಡಿದಿ?"

"ತಿಂದೆ. ಛಲೋ ಇತ್ತರಿ."

ಯಲ್ಲಾಲಿಂಗನಿಗೆ ನಗು ಬಂತು. ಕೂಡಲೇ ನುಂಗಿಕೊಂಡ. ಹೊರಗೆ ಯಾರೋ ವಾಂತಿ ಮಾಡಿಕೊಳ್ಳುವ ಸಪ್ಪಳ.

ಜಮಖಂಡಿಯಿಂದ ಬಂದ ಒಬ್ಬ ಹೆಣ್ಣುಮಗಳು. ನರ್ಸ್ ಓಡಿ ಹೋಗಿ ನೋಡಿ ಬಂದಳು. ವಿಷವಲ್ಲ, ಹೆದರಿಕೆ. ಆದರೆ ಆ ಸಪ್ಪಳ ಎಲ್ಲರಿಗೂ ಕೇಳಿಸಿತ್ತು. ಮುಂಜಾನೆ ಎಲ್ಲರೂ ಅದೇ ಹಾಲ್‌ನಲ್ಲಿ ತಿಂದವರೇ. ಮುದುಕರು ಮೊದಲು ಬಿದ್ದರು. ಮುಂದಿನ ಸರದಿ ಯಾರದು?

ಮಧ್ಯಾಹ್ನ. ಊಟದ ಹಾಲ್.

ಉದ್ದನೆಯ ಮೇಜು ತುಂಬ ಅಡುಗೆ. ಮುಚ್ಚಳದಡಿಯಿಂದ ಹಬೆ ಏಳುತ್ತಿತ್ತು. ಎಣ್ಣೆಗಾಯಿ, ಪುಲಾವು, ತಟ್ಟೆಯ ಮೇಲೆ ರಾಶಿ ಜಿಲೇಬಿ. ಹಸಿರು ಪಟ್ಟಿ ಕಟ್ಟಿದ ಜನ ಗೋಡೆಗುಂಟ ನಿಂತಿದ್ದರು. ಬೇಕಾದಷ್ಟು ಉಣ್ಣುವ ಹಕ್ಕು ಎಲ್ಲರ ಮುಂಗೈಯಲ್ಲಿತ್ತು. ಹತ್ತಿರ ಹೋಗುವವರಿಲ್ಲ. ಹಸಿದ ಕೂಸೊಂದು ಕೈ ಚಾಚಿತು. ತಾಯಿ ಆ ಕೈಗೆ ಪಟ್ಟನೆ ಹೊಡೆದಳು.

ಮೂಲೆಯ ಮೇಜಿನಲ್ಲಿ ಒಬ್ಬನೇ ಒಬ್ಬ ಉಣ್ಣುತ್ತಿದ್ದ.

ರಾಹುಲ. ಎಣ್ಣೆಗಾಯಿ ಮುಗಿದಿತ್ತು. ಜಿಲೇಬಿ ಮುರಿಯುತ್ತಿದ್ದ.

ಪೊಲೀಸರನ್ನು ಕಂಡು ಮುಖ ಒರೆಸಿಕೊಂಡ. "ಹಸಿವಿ ಕೇಳಂಗಿಲ್ಲ ನೋಡ್ರಿ, ಮೇಡಂ."

"ಹೌದ್ರಿ. ಉಣ್ರಿ" ಅಂದಳು ದಾನೇಶ್ವರಿ.

* * *

ಯಲ್ಲಾಲಿಂಗ ಹೊಳೆಯ ಕಡೆಯಿಂದ ಕೂಗಿದ.

ನೀರಂಚಿನ ಒಂದು ಚಪ್ಪಟೆ ಕಲ್ಲು. ಮೇಲೆ ಅರಿಷಿಣ, ಕುಂಕುಮ, ಎರಡು ಸೇವಂತಿಗೆ. ಬುತ್ತಿ ಬಿಚ್ಚಿದರೆ ಮೊದಲ ತುತ್ತು ಗಂಗವ್ವನಿಗೆ. ರಾಮಲಿಂಗಪ್ಪನವರು ಮುಂಜಾನೆ ಇಟ್ಟ ಎಡೆ ಅದು. ಕಪ್ಪು ಗುರೆಳ್ಳ ಹಿಂಡಿ ಹಚ್ಚಿದ ರೊಟ್ಟಿಯ ಚೂರುಗಳು ಕಲ್ಲಿನ ಮೇಲೆ ಹರಡಿದ್ದವು.

ಕಲ್ಲಿನ ಬುಡದಲ್ಲಿ ಎರಡು ಕಾಗೆ. ರೆಕ್ಕೆ ಬಿಚ್ಚಿ ಸತ್ತು ಬಿದ್ದಿದ್ದವು. ನೀರು ಬಂದು ಒಂದರ ಕೊಕ್ಕು ತೊಳೆದು ಹಿಂದೆ ಸರಿಯುತ್ತಿತ್ತು.

ಯಲ್ಲಾಲಿಂಗ ಪಿಸುಗುಟ್ಟಿದ. "ಗಂಗವ್ವಗ ಇಟ್ಟ ಎಡಿಯೊಳಗ ವಿಷ, ಮೇಡಂ."

"ಹಂಗಾರ ಜಿಲೇಬಿ ಅಲ್ಲ. ಬುತ್ತಿ. ಹೋಳಿಗಿ ತಿಂದ ವೀರೇಶ ಗಟ್ಟಿ ಅದಾನ. ಅಂದ್ರ ಹಿಂಡಿ."

ಹಿಂಡಿಯ ಡಬ್ಬಿ ಗುಟ್ಟಾಗಿ ಪ್ರಯೋಗಾಲಯಕ್ಕೆ ಹೊರಟಿತು. ಉತ್ತರ ಬರಲು ದಿನಗಳು ಬೇಕು. ಮುದುಕರ ಹತ್ತಿರ ಅಷ್ಟು ಹೊತ್ತಿರಲಿಲ್ಲ.

ಸತ್ತ ಕಾಗೆಗಳ ಸುದ್ದಿ ಕಟ್ಟೆಗೆ ಮುಟ್ಟಿತು. ಎಲ್ಲರ ಕಣ್ಣು ಒಂದೇ ಕಡೆ ತಿರುಗಿದವು. ಬುತ್ತಿ ಕಟ್ಟಿದವಳು ಕಾಂಚನಾ.

ರಾಹುಲ ತಲೆ ತಗ್ಗಿಸಿದ. "ವೈನಿ ಅಂಥಾಕಿ ಅಲ್ಲರಿ, ಮೇಡಂ." ಕಾಂಚನಾಳ ಕಡೆ ಒಮ್ಮೆ ನೋಡಿದ. "ಹಿಂಡಿ ಕುಟ್ಟಿದಾಕಿ ಅಕೀನ, ಅದು ಖರೆ. ಆದ್ರ ನನಗೇನೂ ಅನ್ಸವಲ್ದು."

ಲಕ್ಷ್ಮವ್ವ ಸೊಸೆಯ ಮುಖ ನೋಡಿದರು. ಕುಳಿತಲ್ಲೇ ಒಂದು ಗೇಣು ಆಚೆ ಸರಿದರು.

ಅಷ್ಟೇ ಸಾಕಾಯಿತು. ಕಾಂಚನಾ ಮಗಳನ್ನು ಅಪ್ಪಿಕೊಂಡು ದಾನೇಶ್ವರಿಯ ಕಡೆ ತಿರುಗಿದಳು.

"ನನ್ನ ಒಯ್ದ್ರ ಇಕಿನ್ನ ಯಾರು ನೋಡತಾರ್ರಿ? ಅಪ್ಪ ಇಲ್ಲದ ಕೂಸು. ನನ್ನ ಮಾವಾರಿಗೆ ನಾ ವಿಷ ಹಾಕ್ಲೇನ್ರಿ?"

ದಾನೇಶ್ವರಿ ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದಳು.

"ಹೋದ ಸಲ ಎಲ್ಲಿ ಹೋಗಿದ್ರಿ?"

ಕಾಂಚನಾ ಕಣ್ಣೊರೆಸಿಕೊಂಡಳು. ಇದೆಂಥ ಪ್ರಶ್ನೆ?

"ಗೋಕರ್ಣಕ್ಕರಿ."

"ಅಲ್ಲೂ ಊಟ ಸೇರಿಸಿದ್ರೇನು?"

"ಇಲ್ಲರಿ. ರಾಹುಲನ ಬ್ಯಾಡಂದ. ಊಟ ಸೇರಿಸಿದ್ರ ನಾವು ತಿರಗೂದು ಬಿಟ್ಟು ಅವರು ಉಣ್ಣಾಕ ಕರೀತಾರಂತ ಕಾಯ್ಕೋತ ಕೂಡಬೇಕು, ಬುತ್ತಿನ ಭೇಷ್ ಅಂದ. ಎಲ್ಲಾರೂ ದಂಡಿ ಮ್ಯಾಲ ಕುಂತು ಒಂದ ಬುತ್ತಿಗೆ ಕೈ ಹಚ್ಚಿದ್ವಿ. ನಮ್ಮಲ್ಲಿ ಬುತ್ತಿ ಬಿಚ್ಚಿದ್ರ ಹಂಗರಿ, ಇದು ಅವರದು ಇದು ಇವರದು ಇರಂಗಿಲ್ಲ."

"ಮಾವಾರು ಇಲ್ಲದಿದ್ರ ಯಾರಿಗೆ ಲಾಭ?"

ಕಾಂಚನಾ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದಳು. "ಹಬ್ಬ ಮುಗಿದ ಮ್ಯಾಲ ಮಗ್ಗದ ಶೆಡ್ ನನ್ನ ಹೆಸರಿಗೆ ಮಾಡ್ತೀನಂದಿದ್ರು. ಕೂಸಿನ ಸಲುವಾಗಿ."

ದಾನೇಶ್ವರಿ ಹೊರಬಂದು ಯಲ್ಲಾಲಿಂಗನ ಕಿವಿಯಲ್ಲಿ ಏನೋ ಹೇಳಿದಳು. ಅವನ ಬೈಕು ಬೀಳಗಿ ಪ್ಯಾಟೆಯ ಕಡೆ ಹೋಯಿತು.

* * *

ಹೊತ್ತು ಇಳಿಯುವ ಮೊದಲೇ ಎಲ್ಲರನ್ನೂ ಕಟ್ಟೆಗೆ ಕರೆದರು.

ದಾನೇಶ್ವರಿಯ ಮುಖದಲ್ಲಿ ನಗೆ. "ದೊಡ್ಡ ಗಂಡಾಂತರ ತಪ್ಪಿತರಿ. ಬುತ್ತಿಯೊಳಗ ಏನೂ ಇಲ್ಲ. ಕಾಗಿ ಯಾವದೋ ಹೊಲದಾಗ ಹುಳದ ಎಣ್ಣಿ ಹೊಡದ ಕಾಳು ತಿಂದು ಬಂದಿದ್ವು. ರಾಹುಲ ಹೇಳಿದ್ದ ಖರೆ, ದೋಷ ಜಿಲೇಬಿದು. ಕಾಂಚನಾ ಅವ್ವಾರದು ಏನೂ ತಪ್ಪಿಲ್ಲ."

ಯಲ್ಲಾಲಿಂಗ ಬುತ್ತಿಯ ಅರಿವೆ ಹಾಸಿದ. ಮೇಲೆ ರೊಟ್ಟಿ. ಮಗ್ಗುಲಿಗೆ ಸಣ್ಣ ಸ್ಟೀಲಿನ ಡಬ್ಬಿ. ಕಪ್ಪು ಗುರೆಳ್ಳ ಹಿಂಡಿ.

"ಅವ್ವಾರ, ಮುಂಜಾನಿಂದ ಹೊಟ್ಟಿ ಖಾಲಿ. ಆ ಹಾಲ್‌ನ ಊಟ ಬ್ಯಾಡ. ನಿಮ್ಮ ಮನಿ ರೊಟ್ಟಿ ಉಣ್ರಿ."

ಲಕ್ಷ್ಮವ್ವ ಸೊಸೆಯ ಕಡೆ ನೋಡಿದರು. ಸರಿದ ಆ ಗೇಣನ್ನು ಮರಳಿ ಹತ್ತಿರ ಸರಿದು ಅವಳ ಬೆನ್ನು ಸವರಿದರು. ರೊಟ್ಟಿ ಮುರಿದರು. ಹಿಂಡಿ ಹಚ್ಚಿದರು. ಶಿವಾ ಅಂತ ಕಣ್ಣು ಮುಚ್ಚಿದರು.

ತುತ್ತು ಬಾಯಿಯ ಹತ್ತಿರ ಬಂತು.

"ಬ್ಯಾಡ! ದೊಡ್ಡವ್ವಾ, ಬ್ಯಾಡ!"

ರಾಹುಲ ಹಾರಿ ಬಂದು ಆ ಕೈಗೆ ಹೊಡೆದ. ರೊಟ್ಟಿ ನೆಲಕ್ಕೆ ಬಿತ್ತು. ಡಬ್ಬಿ ಉರುಳಿತು. ಕಪ್ಪು ಪುಡಿ ಕಟ್ಟೆಯ ತುಂಬ ಚೆಲ್ಲಿತು.

ಅವನು ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದ.

ದಾನೇಶ್ವರಿ ಮೆಲ್ಲಗೆ ಕೇಳಿದಳು. "ಯಾಕ ಬ್ಯಾಡ? ಈ ರೊಟ್ಟಿ, ಹಿಂಡಿ ಎರಡೂ ಬೀಳಗಿ ಪ್ಯಾಟಿವು. ಹೊಸಾ ಡಬ್ಬಿ. ನಿಮ್ಮ ಡಬ್ಬಿ ಬ್ಯಾರೆ ಕಡೆ ಭದ್ರ ಐತಿ. ಅದರಾಗ ಏನು ಬೆರಸಿದಿ, ಹೇಳು. ಆಸ್ಪತ್ರಿಯೊಳಗ ಕಾಯಾಕತ್ತಾರ."

ರಾಹುಲ ಕಟ್ಟೆಯ ಅಂಚಿಗೆ ಕುಳಿತ. ಬೆಳೆಗೆ ಹೊಡೆಯುವ ಒಂದು ಔಷಧದ ಹೆಸರು ಹೇಳಿದ. ಯಲ್ಲಾಲಿಂಗ ಆಗಲೇ ಡಾಕ್ಟರಿಗೆ ಫೋನು ಹಚ್ಚಿದ್ದ.

"ಯಾವಾಗ ಹಾಕಿದಿ?"

"ಜಮಖಂಡ್ಯಾಗ. ಎಲ್ಲಾರೂ ಚಹಾಕ್ಕ ಇಳದಿದ್ರು. ಬುತ್ತಿ ಗಾಡಿ ಡಿಕ್ಕಿಯೊಳಗಿತ್ತು."

* * *

ಅವನನ್ನು ಜೀಪಿಗೆ ಹತ್ತಿಸಿದ ಮೇಲೆ ವೀರೇಶ ಬಾಗಿಲಲ್ಲಿ ನಿಂತು ಕೇಳಿದ. "ನಿಮಗ ಅದು ಹೆಂಗ ಹೊಳೀತರಿ, ಮೇಡಂ?"

"ನಿನ್ನ ಜಿಲೇಬಿ ಹೇಳಿತು. ಅದನ್ನ ತಿಂದು ದೊಡ್ಡಪ್ಪ ಬಿದ್ದ ಅಂತ ರಾಹುಲನ ಹೇಳಿದ. ಆಮ್ಯಾಲ ತಾನ ಕುಂತು ಅದನ್ನ ತಿಂದ. ಇಡೀ ಹಾಲ್ ನಡಗಾಕತ್ತಿತ್ತು, ಅವಂಗ ಅಂಜಿಕಿ ಇರಲಿಲ್ಲ. ಅಡಿಗಿಯೊಳಗ ಏನೂ ಇಲ್ಲ ಅಂತ ಆ ಹೊತ್ತಿನ್ಯಾಗ ಗೊತ್ತಿದ್ದವರು ಯಾರು? ವಿಷ ಬ್ಯಾರೆ ಕಡೆ ಇಟ್ಟವನು."

"ಆದ್ರ ಎಲ್ಲಾರ ಕೈಗೆ ಊಟದ ಪಟ್ಟಿ ಕಟ್ಸಿದ್ದು ಯಾಕರಿ?"

"ಬುತ್ತಿ ಬಿಚ್ಚಿದ್ರ ಇವರ ಮನ್ಯಾಗ ಎಲ್ಲಾರ ಕೈ ಬೀಳ್ತಾವ. ಒಬ್ಬರ ಜೀವ ತಗೀಬೇಕಂದ್ರ ಉಳಿದವರ ಬಾಯಿ ಬ್ಯಾರೆ ಕಡೆ ತಿರುಗಸಬೇಕು. ಗೋಕರ್ಣದಾಗ ಬ್ಯಾಡ ಅಂದ ಊಟ ಇಲ್ಲಿ ಬೇಕಾಗಿದ್ದು ಅದಕ್ಕ. ದೊಡ್ಡಪ್ಪ ಹೊರಗಿಂದು ಮುಟ್ಟಂಗಿಲ್ಲ, ಅದು ಅವಂಗ ಗೊತ್ತು. ದೊಡ್ಡಪ್ಪ ಹ್ವಾದ್ರ ಶೆಡ್ ಅವನ ಕೈಯಾಗ ಉಳೀತಿತ್ತು, ಹಿಂಡಿ ಕುಟ್ಟಿದ ವೈನಿ ಜೇಲಿಗೆ ಹೋಗ್ತಿದ್ಲು. ಆದ್ರ ಕೂಸು ನಡುವ ಬಂದು ಬುತ್ತಿಗೆ ಕೈ ಹಾಕಿತು. ಅವನು ರೊಟ್ಟಿ ನೆಲಕ್ಕ ಒಗದ. ಆ ಮನ್ಯಾಗ ಬೆಳದವರು ಯಾರೂ ಒಗೆಯೂದಿಲ್ಲ. ಅವ್ವಾರು ಅಪಶಕುನ ಅಂದ್ರು. ನನಗ ಬ್ಯಾರೆ ಕೇಳಿಸ್ತು. ಕೂಸಿನ್ನ ಕಾಯ್ದವ ಸಾಕಿದ ತಾಯಿನ್ನೂ ಕಾಯ್ತಾನ ಅನ್ಸಿತು."

ಮಾತು ಮುಗಿಯುವಷ್ಟರಲ್ಲಿ ಫೋನು ಬಡಿಯಿತು. ಡಾಕ್ಟರು.

"ಸರಿಯಾದ ಹೊತ್ತಿಗೆ ಹೆಸರು ಕೊಟ್ಟಿರಿ. ಅಜ್ಜಾರು ಉಳೀತಾರೆ. ಇನ್ನೂ ಮಾತಿಲ್ಲ, ತುಟಿ ಮಾತ್ರ ಅಲ್ಲಾಡ್ತಿದೆ. ಏನೋ ಹಾಡೋಕೆ ನೋಡ್ತಿದ್ದಾರೆ ಅಂತಾರೆ ಅಳಿಯ."

ಕಾಂಚನಾ ಕಂಬಕ್ಕೆ ಹಣೆ ಒತ್ತಿ ಅತ್ತಳು. ಅಕ್ಷತಾ ಅವಳ ಸೆರಗು ಜಗ್ಗುತ್ತ, "ರಾಹುಲ ಕಾಕಾ ಎಲ್ಲಿಗೆ ಹ್ವಾದ, ಅವ್ವಾ?" ಅಂದಳು.

ಲಕ್ಷ್ಮವ್ವ ಜೀಪಿನ ಕಡೆ ತಿರುಗಲಿಲ್ಲ. ನೆಲಕ್ಕೆ ಬಿದ್ದ ರೊಟ್ಟಿಯನ್ನು ಬಾಗಿ ಎತ್ತಿಕೊಂಡರು. ಮಣ್ಣು ಜಾಡಿಸಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಮುಂಗೈಯ ಹಸಿರು ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದರು. ಆಮೇಲೆ ಮುಂಜಾನೆ ಗಂಡ ನಿಲ್ಲಿಸಿದ ಸಾಲಿನಿಂದ ಪದ ಎತ್ತಿದರು. ಕಾಂಚನಾ ಜೊತೆಗೂಡಿದಳು.

ದೇವರ ಹೆಸರು ಬರುವತನಕ ಇಬ್ಬರೂ ನಿಲ್ಲಿಸಲಿಲ್ಲ.