ಬೆರಳು ಎಷ್ಟು?

ನನ್ನ ಎದುರಿಗೆ ಕೂತ ಗಂಡಸರೆಲ್ಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲೇಬೇಕು. ತಪ್ಪು ತಿಳಿಯಬೇಡಿ, ಅದು ನನ್ನ ಕೆಲಸ. ಬಸ್ಸು, ಲಾರಿ ಓಡಿಸುವವರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ ಇರುತ್ತದೆ. ಬಿ.ಪಿ., ಸಕ್ಕರೆ, ಎದೆಬಡಿತ ಎಲ್ಲ ಡಾಕ್ಟರ ಪಾಲು. ಕಣ್ಣಿನ ಪುಟ ನನ್ನದು.

ಗೋಡೆಯ ಮೇಲಿನ ಅಕ್ಷರ ಓದಿಸಿದ ಮೇಲೆ ಸ್ಟೂಲ್ ಎಳೆದುಕೊಂಡು ಅವರ ಮುಂದೆ ಕೂರುತ್ತೇನೆ. ಅವರು ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನನ್ನನ್ನೇ ನೋಡಬೇಕು. ನಾನು ಕೈಯನ್ನು ದೂರ ಪಕ್ಕಕ್ಕೆ ಚಾಚಿ ಬೆರಳು ತೋರಿಸುತ್ತೇನೆ. ದೃಷ್ಟಿ ಕದಲಿಸದೆ ಬೆರಳು ಎಷ್ಟು ಅಂತ ಹೇಳಬೇಕು. ಓಣಿಯಿಂದ ನುಗ್ಗುವ ಸೈಕಲ್ಲು, ಚೆಂಡಿನ ಹಿಂದೆ ಓಡಿಬರುವ ಮಗು ಡ್ರೈವರ್‌ಗೆ ಮೊದಲು ಕಾಣುವುದು ಆ ಪಕ್ಕದ ನೋಟದಲ್ಲೇ.

ಅವನು ಮೊದಲ ಸಲ ಬಂದಾಗ ಐದು ಸೆಕೆಂಡಿಗೇ ನೆಲ ನೋಡಿದ. ಬಸ್ ಡಿಪೋದಲ್ಲಿ ಅವನನ್ನು ಮೌನಿ ಅಂತಲೇ ಕರೆಯುತ್ತಿದ್ದರು, ಹಾರ್ನ್ ಹೊಡೆಯುವುದೇ ಕಮ್ಮಿ ಅಂತ.

"ನನ್ನ ನೋಡಿ ಅಂದ್ರೆ ನೆಲದಲ್ಲಿ ಏನ್ ಹುಡುಕ್ತಿದೀರಿ?" ಎಂದು ಗದರಿದೆ. ನನ್ನ ಬಾಯಿ ಸ್ವಲ್ಪ ಜೋರು.

"ನಾಚ್ಕೆ ಆಗುತ್ತೆ ಮೇಡಂ."

"ಐವತ್ತು ಜನರನ್ನ ಕೂರಿಸ್ಕೊಂಡು ಘಾಟಿ ಇಳಿಸೋರಿಗೆ ನಾಚ್ಕೆನಾ? ಸರಿಹೋಯ್ತು! ಅದೇನು, ಎಲ್ರೂ ನನ್ನ ಸಿಸ್ಟರ್ ಅಂತಾರೆ, ನೀವು ಮಾತ್ರ ಮೇಡಂ?"

ಅವನು ಕಿವಿಯವರೆಗೂ ಕೆಂಪಾದ. "ಒಂದ್ಸಲ ಸಿಸ್ಟರ್ ಅಂದ್ಬಿಟ್ರೆ ಮುಗೀತಲ್ಲ ಮೇಡಂ, ಆಮೇಲೆ ಬೇರೆ ಏನೂ ಅನ್ನೋ ಹಾಗಿಲ್ಲ."

ಅವನು ಹೋದ ಮೇಲೂ ನನಗೆ ನಗು ತಡೆಯಲಾಗಲಿಲ್ಲ. ನನಗಾಗ ಮೂವತ್ತನಾಲ್ಕು ವರ್ಷ, ಮದುವೆ ಮಾತು ಮನೆಯಲ್ಲಿ ನಿಂತೇ ಹೋಗಿತ್ತು. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಎಂದು ಅಮ್ಮ ನನ್ನನ್ನು ನೋಡಿ ಗೊಣಗುತ್ತಿದ್ದಳು. ಆವತ್ತು ಕ್ಲಿನಿಕ್ಕಿನ ಕನ್ನಡಿಯಲ್ಲಿ ನನ್ನ ಕಣ್ಣುಗಳನ್ನು ನಾನೇ ಎರಡು ಸಲ ನೋಡಿಕೊಂಡೆ.

ಮರುವರ್ಷ ಅವನು ಹೊಸ ಶರ್ಟು ಹಾಕಿಕೊಂಡು ಬಂದ. ಈ ಸಲ ನೆಲ ನೋಡಲಿಲ್ಲ. ನನ್ನನ್ನೇ ನೋಡಿದ, ರೆಪ್ಪೆ ಬಡಿಯದೆ, ನನಗೇ ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ.

"ಬೆರಳು ಎಷ್ಟು?"

"ಎಲ್ಲಿ?"

"ನನ್ನ ಕೈಯಲ್ಲಿ ಸ್ವಾಮಿ, ಇನ್ನೆಲ್ಲಿ!"

"ಗಮನಿಸ್ಲಿಲ್ಲ. ನಿಮ್ಮನ್ನೇ ನೋಡ್ತಿದ್ದೆ."

ಮತ್ತೆ ತೋರಿಸಿದೆ. ಎರಡು ಬೆರಳಿಗೆ ಒಂದು ಅಂದ. ನನ್ನ ಕೆನ್ನೆ ಬಿಸಿಯಾಯಿತು. ಪಾಪ, ಇವನಿಗೆ ನನ್ನನ್ನು ಬಿಟ್ಟು ಬೇರೇನೂ ಕಾಣುತ್ತಿಲ್ಲ ಅಂದುಕೊಂಡೆ. ಹಾಗೇ ಅಂದುಕೊಂಡೆ, ನಿಜ ಹೇಳುತ್ತೇನೆ. ಮುಸಿಮುಸಿ ನಗುತ್ತ ಪಕ್ಕದ ನೋಟದ ಕಾಲಂನಲ್ಲಿ "ಸರಿ" ಎಂದು ಬರೆದು ಸಹಿ ಹಾಕಿದೆ.

ಆ ವರ್ಷ ನಮ್ಮದಾಯಿತು. ಅವನು ನೈಟ್ ಡ್ಯೂಟಿಯನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟ. "ಸಂಜೆ ನಿನ್ ಜೊತೆ ಟೀ ಕುಡಿಯೋ ಸುಖ ಬಿಟ್ಟು ಯಾವನು ಹೋಗ್ತಾನೆ?" ಅನ್ನುತ್ತಿದ್ದ. ನಡೆಯುವಾಗ ನಾನು ಎಡಗಡೆ ಇದ್ದರೆ ಪದೇಪದೇ ಭುಜಕ್ಕೆ ತಾಗುತ್ತಿದ್ದ. "ಇಷ್ಟು ಅಗಲದ ರಸ್ತೆ ಸಾಲ್ದೇನೋ ನಿಂಗೆ?" ಎಂದು ಗಿಲ್ಲಿದರೆ ನಗುತ್ತಿದ್ದ. ಹೋಟೆಲಿನಲ್ಲಿ ನನ್ನ ಲೋಟಕ್ಕೆ ಕೈ ತಗುಲಿಸಿ ಟೀ ಚೆಲ್ಲಿದರೆ ಅದೂ ನನಗೆ ಮುದ್ದೇ. ಈ ವರ್ಷದ ಸರ್ಟಿಫಿಕೇಟ್ ಬಂದ ತಕ್ಷಣ ಅಕ್ಕನನ್ನು ಕರೆದುಕೊಂಡು ಬಂದು ಅಮ್ಮನ ಹತ್ತಿರ ಮಾತಾಡುತ್ತೇನೆ ಅಂದಿದ್ದ. ಅಮ್ಮ ಆಗಲೇ ಕಿಟಕಿ ಪರದೆ ಒಗೆದು ಹಾಕಿದ್ದಳು.

ಪರೀಕ್ಷೆಗೆ ನಾಲ್ಕು ದಿನ ಮುಂಚೆ ಡಿಪೋ ಗೇಟಿನ ಕಂಬಕ್ಕೆ ಅವನ ಬಸ್ಸು ಉಜ್ಜಿ ಎಡಗಡೆ ಕನ್ನಡಿ ಕಿತ್ತುಬಂತು. "ಇಪ್ಪತ್ತೊಂದು ವರ್ಷ ಅದೇ ಗೇಟು ಕಣೇ. ಕಂಬಕ್ಕೆ ಕಾಲು ಬಂದಿರ್ಬೇಕು," ಅಂದ. ನಾನು ನಕ್ಕೆ. ಅವನು ನಗಲಿಲ್ಲ.

ಪರೀಕ್ಷೆಯ ದಿನ ಅವನು ನನ್ನ ಮುಂದೆ ಕೂತು ಎಂದಿನಂತೆ ಕಣ್ಣಿಟ್ಟು ನೋಡಿದ. ಅಷ್ಟು ಚೆಂದ ನನ್ನನ್ನು ಯಾರೂ ನೋಡಿರಲಿಲ್ಲ.

"ಬೆರಳು ಎಷ್ಟು?"

"ಎರಡು," ಅಂದ ತಟ್ಟನೆ.

ನನ್ನ ಎರಡೂ ಕೈ ಮಡಿಲಲ್ಲಿದ್ದವು.

ಇನ್ನೊಂದು ಕಣ್ಣು ನೋಡಿದೆ, ಮೇಲಿಂದ, ಕೆಳಗಿಂದ, ಎಡಕ್ಕೆ, ಬಲಕ್ಕೆ. ಕೈಯನ್ನು ನನ್ನ ಕೆನ್ನೆಯ ಹತ್ತಿರಕ್ಕೆ ತಂದಾಗಷ್ಟೇ ಅವನಿಗೆ ಬೆರಳು ಕಂಡಿತು. ನಡುವಿನಲ್ಲಿ ನನ್ನ ಮುಖವಿತ್ತು, ಸುತ್ತ ಅವನಿಗೆ ಏನೂ ಇರಲಿಲ್ಲ.

"ಗೊತ್ತಿತ್ತಾ ನಿಂಗೆ?"

"ಆರು ತಿಂಗಳಿಂದ ಗೊತ್ತು. ದೊಡ್ಡ ಆಸ್ಪತ್ರೇಲಿ ತೋರಿಸ್ದೆ. ಅಂಚಿಂದ ನೋಟ ಸವೆಯುತ್ತಾ ಬರುತ್ತಂತೆ, ಔಷಧ ಇಲ್ವಂತೆ. ಕತ್ತಲಾದ್ರೆ ಏನೂ ಕಾಣಲ್ಲ, ನೈಟ್ ಡ್ಯೂಟಿ ಬಿಟ್ಟಿದ್ದು ಅದಕ್ಕೇ."

"ಟೀಗೆ ಅಂದಿದ್ದೆ."

"ಟೀಗೂ ಹೌದು ಕಣೇ."

"ಹೋದ ವರ್ಷ?"

"ಆಗ ಆಣೆಗೂ ಗೊತ್ತಿರ್ಲಿಲ್ಲ. ನಿನ್ನನ್ನೇ ನೋಡ್ತಿದ್ದೆ. ಬೆರಳು ಕಾಣದ್ದು ಅದಕ್ಕೇ ಅಂತ ನಾನೂ ಅಂದ್ಕೊಂಡೆ."

ಕಣ್ಣು ಪರೀಕ್ಷೆ ಮಾಡಿ ಅನ್ನ ತಿನ್ನುವವಳು, ಕಣ್ಣಿದ್ದೂ ಕುರುಡಿಯಾಗಿದ್ದೆ. ಒಂದು ವರ್ಷ ಪೂರ್ತಿ ನನ್ನ ಸಹಿಯ ಮೇಲೆ ಅವನು ಬಸ್ಸು ಓಡಿಸಿದ್ದ.

ಅವನು ನನ್ನ ಕೈ ಹಿಡಿದುಕೊಂಡ. "ಇದೊಂದ್ಸಲ ಬರೆದುಬಿಡೇ. ಹಗಲು ಮಾತ್ರ ಓಡಿಸ್ತೀನಿ. ಸ್ಟೇರಿಂಗ್ ಬಿಟ್ರೆ ನಂಗೇನು ಬರುತ್ತೆ ಹೇಳು? ಇಷ್ಟು ವರ್ಷ ಒಂದು ನಾಯಿಗೂ ತಗುಲಿಸಿದವನಲ್ಲ."

"ಪಕ್ಕದಿಂದ ಮಗು ಓಡಿಬಂದ್ರೆ?"

"ನೋಡ್ತೀನಿ."

"ನನ್ನ ಕೈ ಮಡಿಲಲ್ಲಿತ್ತು. ನೀನು ಎರಡು ಬೆರಳು ಅಂದೆ."

ಅವನು ಕೈ ಬಿಟ್ಟ. ನನ್ನ ಪುಟದಲ್ಲಿ "ಅನರ್ಹ" ಎಂದು ಬರೆದೆ. ಮೂರೇ ಅಕ್ಷರ, ಬರೆಯುವಷ್ಟರಲ್ಲಿ ಪ್ರಾಣ ಬಾಯಿಗೆ ಬಂದಿತ್ತು. ಹೋದ ವರ್ಷದ ನನ್ನ ತಪ್ಪನ್ನೂ ಅವತ್ತೇ ಡಾಕ್ಟರಿಗೆ ಒಪ್ಪಿಸಿದೆ. ಅವರು ಬೈದರು, ಮೆಮೊ ಕೊಟ್ಟರು. ಅದೆಲ್ಲ ನನಗೆ ತಾಗಲೇ ಇಲ್ಲ.

ಅವನು ಮೂರು ವಾರ ಫೋನ್ ಎತ್ತಲಿಲ್ಲ. ನಾಲ್ಕನೇ ವಾರ ತಾನೇ ಮಾಡಿದ. ಡಿಪೋದಲ್ಲಿ ಬೇರೆ ಕೆಲಸ ಕೊಡುತ್ತೇವೆ ಅಂದರೂ ಬೇಡ ಅಂದಿದ್ದನಂತೆ. ಊರು ಬಿಟ್ಟು ಅಕ್ಕನ ಮನೆಗೆ ಹೊರಟಿದ್ದ. ಬೆಳಿಗ್ಗೆ ಒಂಬತ್ತೂವರೆ ಬಸ್ಸು. ನಾನು ಸೀರೆಯ ನೆರಿಗೆ ಕೂಡ ಸರಿಮಾಡಿಕೊಳ್ಳದೆ ಓಡಿದೆ.

ಬಸ್ ಸ್ಟ್ಯಾಂಡಿನಲ್ಲಿ ಕಾಲ ಬಳಿ ಬ್ಯಾಗಿಟ್ಟುಕೊಂಡು ನಿಂತಿದ್ದ. ಗಡ್ಡ ಬಂದಿತ್ತು. ಬೈಯಬೇಕು ಅಂತ ಬಂದವಳು ಬೈಯಲಿಲ್ಲ.

"ನಾನೂ ಬರ್ತೀನಿ," ಅಂದೆ. "ಮದುವೆ ಆಗೋಣ. ನಿಂಗೆ ಪೂರ್ತಿ ಕಾಣದೇ ಹೋದ್ರೂ ನಂಗೆ ಪರವಾಗಿಲ್ಲ. ನೀನು ಬೇಕು ನಂಗೆ."

"ಇಂಥ ಮಾತನ್ನ ಇಷ್ಟು ಜೋರಾಗಿ ಹೇಳ್ತಾರೇನೇ? ಕಂಡಕ್ಟರ್ ನೋಡ್ತಿದಾನೆ."

"ನೋಡ್ಲಿ ಬಿಡು."

ಅವನು ನಕ್ಕ. ಆಮೇಲೆ ನಗು ಇಳಿಯಿತು. "ನಿಂದು ತಪ್ಪಿಲ್ಲ ಅಂತ ತಲೆಗೆ ಗೊತ್ತು ಕಣೇ. ಹೊಟ್ಟೆಗೆ ಇನ್ನೂ ಗೊತ್ತಾಗಿಲ್ಲ. ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಿದ್ರೆ ಆ ಕಾಗದ ನೆನಪಾದ್ರೆ? ಒಂದಲ್ಲ ಒಂದಿನ ಏನಾದ್ರೂ ಅಂದುಬಿಡ್ತೀನಿ. ನೀನು ಕೇಳಿ ಸುಮ್ನಿರೋಳಲ್ಲ."

"ಸುಮ್ನಿರ್ತೀನಿ."

"ನೀನು ಸುಮ್ನಿರೋದನ್ನ ನನ್ನಿಂದ ನೋಡೋಕಾಗಲ್ಲ." ನನ್ನ ಕೆನ್ನೆ ಒರೆಸಿದ. "ನಿನ್ನ ಹಾಗೆ ಇನ್ನೊಬ್ಬಳನ್ನ ನಾನು ಪ್ರೀತಿಸಲ್ಲ. ಅಷ್ಟು ಮಾತ್ರ ನಿಜ. ನಂಗೋಸ್ಕರ ಕಾಯ್ತಿರು ಅಂತ ಹೇಳೋ ಯೋಗ್ಯತೆ ನಂಗಿಲ್ಲ, ಹೇಳಲ್ಲ."

ಡ್ರೈವರ್ ಇವನಿಗಿಂತ ಚಿಕ್ಕವನು, ಗೇರ್ ಹಾಕುವುದನ್ನು ಇವನ ಹತ್ತಿರವೇ ಕಲಿತವನು. "ಅಣ್ಣ, ಮುಂದೆ ಬಾ, ನನ್ನ ಪಕ್ಕದಲ್ಲೇ ಕೂತ್ಕೋ," ಎಂದು ಕರೆದ.

"ಬೇಡಪ್ಪ. ಮುಂದೆ ಕೂತ್ರೆ ನನ್ನ ಕಾಲು ಸುಮ್ನಿರಲ್ಲ, ಬ್ರೇಕ್ ಹುಡುಕುತ್ತೆ," ಎಂದು ಕಂಬಿಗಳನ್ನು ಒಂದೊಂದಾಗಿ ಹಿಡಿಯುತ್ತ ಹೋಗಿ ಕೊನೆಯ ಸೀಟಿನಲ್ಲಿ ಕೂತ.

ಬಸ್ಸು ತುಂಬಿತು. ಕೂಸು ಎತ್ತಿಕೊಂಡ ಹೆಂಗಸು, ಆಫೀಸಿಗೆ ಹೊರಟವರು, ಜಗಳವಾಡುತ್ತಿದ್ದ ಗಂಡಹೆಂಡತಿ, ಒಟ್ಟು ಐವತ್ತು ಜನ ಇದ್ದಿರಬೇಕು. ಇಂಥವರಿಗಾಗಿಯೇ ನಾನು ಆ ಮೂರು ಅಕ್ಷರ ಬರೆದದ್ದು. ಅವರೆಲ್ಲ ಕ್ಷೇಮವಾಗಿ ಮನೆ ಸೇರುತ್ತಾರೆ. ಬಸ್ಸು ಹೊರಟಾಗ ಅವರಲ್ಲಿ ಒಬ್ಬರ ಮೇಲೂ ನನಗೆ ಅಕ್ಕರೆ ಹುಟ್ಟಲಿಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡು ಕ್ಲಿನಿಕ್ಕಿನ ಕಡೆ ನಡೆದೆ. ಹತ್ತು ಗಂಟೆಗೆ ಆರು ಜನ ಡ್ರೈವರುಗಳು ಬರುವವರಿದ್ದರು.